ಹೆಸರು ಮಡಚಿದ ಚೀಟಿ

ಹೆಂಡತಿ ಮಾಡಿದ್ದು ಇಷ್ಟೇ. ಒಂದು ತಿಂಗಳಿಂದ ಓದದೆ ಬಿದ್ದಿದ್ದ ಪುಸ್ತಕವನ್ನು ವಾಪಸು ಕಳಿಸಿದ್ದಳು.

"ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ರಿ. ತಲೆಗೆ ಹತ್ತೋದಾಗಿದ್ರೆ ಇಷ್ಟೊತ್ತಿಗೆ ಹತ್ತಿರೋದು. ಇವತ್ತು ಮೂರು ಗಂಟೆಗೆ ಸಭೆ ಅಲ್ವಾ, ನರ್ಸಕ್ಕ ಬೆಳಿಗ್ಗೆನೇ ಲೈಬ್ರರಿ ಕಡೆ ಹೊರಟಿದ್ರು. ಅವರ ಕೈಲಿ ಕೊಟ್ಟೆ," ಎಂದಳು.

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ ನಿಧಾನಣ್ಣನ ಕೈ ಟವೆಲಿನಲ್ಲೇ ನಿಂತುಬಿಟ್ಟಿತು.

"ಯಾವ ಪುಸ್ತಕ?"

"ಮನೇಲಿ ನೂರು ಪುಸ್ತಕ ಇರೋ ಹಾಗೆ ಕೇಳ್ತೀರಲ್ಲ."

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ಏನು ಹೇಳ್ತಿದ್ರಿ? ನಾಳೆ ಓದ್ತೀನಿ ಅಂತಿದ್ರಿ."

ನಿಧಾನಣ್ಣನ ಮೈಯೆಲ್ಲ ಉರಿಯಿತು. ಉರಿಯುವುದಕ್ಕೆ ಕಾರಣವೂ ಇತ್ತು. ಅವನು ವಿಶ್ವವಿದ್ಯಾಲಯದ ಲೈಬ್ರರಿಯ ವ್ಯಾನಿನ ಡ್ರೈವರ್. ಪುಸ್ತಕ ತುಂಬಿದ ಆ ವ್ಯಾನನ್ನು ಬಡಾವಣೆಯಿಂದ ಬಡಾವಣೆಗೆ ಒಯ್ದು, ಜನರಿಗೆ ಪುಸ್ತಕ ಹಂಚಿ ವಾಪಸು ತರುವುದು ಅವನ ಕೆಲಸ. ಮೂವತ್ತು ವರ್ಷದಲ್ಲಿ ವ್ಯಾನಿನ ಮೈಮೇಲೆ ಒಂದು ಗೆರೆ ಬಿದ್ದಿರಲಿಲ್ಲ. ಮಗುವನ್ನು ತೊಟ್ಟಿಲಲ್ಲಿ ತೂಗಿದ ಹಾಗೆ ಓಡಿಸುತ್ತಿದ್ದ. ನಿಧಾನಣ್ಣ ಎಂಬ ಹೆಸರು ಬಂದದ್ದೂ ಅದರಿಂದಲೇ. ಈಚೆಗೆ ಆರು ತಿಂಗಳಿಂದ ಅವನು ಇನ್ನೂ ನಿಧಾನವಾಗಿದ್ದ. ವ್ಯಾನಿಗೆ ವಯಸ್ಸಾಯಿತು ಎಂದು ಜನ ತಿಳಿದಿದ್ದರು.

ವಯಸ್ಸಾದದ್ದು ವ್ಯಾನಿಗಲ್ಲ. ಹತ್ತು ದಿನದ ಹಿಂದೆ ಅವನು ಯಾರಿಗೂ ಹೇಳದೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದ. ಡಾಕ್ಟರು ಒಂದು ಚೀಟಿ ಬರೆದುಕೊಟ್ಟಿದ್ದರು. ಕಣ್ಣಿಗೆ ಪೊರೆ ಬಲಿತಿದೆ, ಆಪರೇಷನ್ ಆಗುವ ತನಕ ವಾಹನ ಓಡಿಸಕೂಡದು. ಪಿಂಚಣಿಗೆ ಹನ್ನೊಂದು ತಿಂಗಳು ಬಾಕಿ ಇತ್ತು. ಕಣ್ಣಿಗೆ ಕತ್ತರಿ ಹಾಕುತ್ತಾರೆ ಎಂದರೆ ನಿಧಾನಣ್ಣನ ಕೈಕಾಲು ಈಗಲೇ ತಣ್ಣಗಾಗುತ್ತಿತ್ತು. ವಿಷಯ ಲೈಬ್ರರಿಗೆ ಗೊತ್ತಾದರೆ ವ್ಯಾನಿನ ಕೀಲಿ ಕಿತ್ತುಕೊಂಡು ಬಾಗಿಲಿನ ಹತ್ತಿರ ಸ್ಟೂಲ್ ಹಾಕಿ ಕೂರಿಸುತ್ತಾರೆ. ಹುಡುಗರ ಚೀಲ ತಗೊಂಡು ತಗಡಿನ ಟೋಕನ್ ಕೊಡುವ ಕೆಲಸ. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದ ಕೈಗೆ ತಗಡಿನ ಟೋಕನ್ನು.

ಅದಕ್ಕೇ ಚೀಟಿಯನ್ನು ಬಿಡಿಸಿ ಓದಿಯೂ ನೋಡದೆ ಬಚ್ಚಿಟ್ಟಿದ್ದ. ಅಂಗಿ ಜೇಬಿನಲ್ಲಿ ಇಡುವ ಹಾಗಿಲ್ಲ, ಒಗೆಯುವ ಮುಂಚೆ ಹೆಂಡತಿ ಜೇಬುಗಳನ್ನು ಕೋಳಿ ಸುಲಿದ ಹಾಗೆ ಹೊರಳಿಸುತ್ತಾಳೆ. ಬೀರುವಿನ ಕೀಲಿ ಅವಳ ಹತ್ತಿರವೇ. ಆ ಮನೆಯಲ್ಲಿ ಯಾರೂ ತೆರೆಯದ ಜಾಗ ಎಂದರೆ ಆ ಪುಸ್ತಕ ಒಂದೇ.

ಅದು ಲೈಬ್ರರಿಯ ಓದುಗರ ಕೂಟದ ಪುಸ್ತಕ. ಲೈಬ್ರರಿಯ ಮೇಡಂ ಹುಟ್ಟುಹಾಕಿದ ಕೂಟ ಅದು. ಪ್ರೊಫೆಸರುಗಳಷ್ಟೇ ಓದಿದರೆ ಸಾಲದು, ಊರಿನವರೂ ಓದಬೇಕು ಎಂದು ತಿಂಗಳಿಗೊಂದು ಪುಸ್ತಕ ಆರಿಸಿ, ಹನ್ನೆರಡು ಪ್ರತಿ ತರಿಸಿ, ಬೈಂಡರ್ ಕೈಲಿ ಕಂದು ಕಾಗದದ ಹೊದಿಕೆ ಹಾಕಿಸಿ ಹಂಚುತ್ತಿದ್ದರು. ಅದಕ್ಕೊಂದು ಕಟ್ಟಳೆ ಇತ್ತು. ಎದ್ದುನಿಂತು ಕೇಳಲು ನಾಚಿಕೆಯಾಗುವ ಪ್ರಶ್ನೆ ಇದ್ದರೆ ಚೀಟಿಯನ್ನು ಪುಸ್ತಕದೊಳಗಿಟ್ಟು ವಾಪಸು ಮಾಡಬೇಕು. ಮೇಡಂ ಚೀಟಿ ತೆಗೆದು, ಹೆಸರಿದ್ದರೆ ಆ ತುದಿಯನ್ನು ನೋಡದೆ ಮಡಚಿ, ಡಬ್ಬಿಗೆ ಹಾಕಿ, ಸಭೆಯಲ್ಲಿ ಓದುತ್ತಾರೆ. ಯಾರದೆಂದು ಯಾರೂ ಕೇಳಕೂಡದು. ಪುಸ್ತಕದೊಳಗೆ ಸಿಕ್ಕ ಕಾಗದ ಯಾವುದಾದರೂ ಸರಿ, ಅದು ಪ್ರಶ್ನೆಯೇ. ಹೋದ ವರ್ಷ ಯಾರೋ ಮರೆತಿದ್ದ ಇಸ್ತ್ರಿ ಬಟ್ಟೆಯ ಪಟ್ಟಿಯ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೆದು, ಬದುಕಿನಲ್ಲಿ ಆಡಂಬರ ಎಷ್ಟಿರಬೇಕು ಎಂದು ತೀರ್ಮಾನವೂ ಆಗಿತ್ತು.

ಈ ತಿಂಗಳ ಪುಸ್ತಕ ವೈದ್ಯರ ನೀತಿಯದು. ಡಾಕ್ಟರು ರೋಗಿಗೆ ಏನು ಹೇಳಬೇಕು, ರೋಗಿಯ ಗುಟ್ಟನ್ನು ಯಾರಿಗೆ ಹೇಳಬಾರದು, ಇಂಥವೇ. ಇಂಥ ಪುಸ್ತಕದೊಳಗೆ ಕಣ್ಣಾಸ್ಪತ್ರೆಯ ಚೀಟಿ ಸಿಕ್ಕರೆ ಮೇಡಂ ಬಿಟ್ಟಾರೆಯೇ.

ನಿಧಾನಣ್ಣ ಅವತ್ತು ಜನ್ಮದಲ್ಲಿ ಮೊದಲ ಸಲ ಓಡಿದ. ತಿರುವಿನಲ್ಲಿ ನಿಂತಿದ್ದ ಅಂಚೆ ಡಬ್ಬಿಗೆ "ಅರ್ಜೆಂಟಿದೆ ಸಾರ್, ಆಮೇಲೆ ಮಾತಾಡೋಣ" ಎಂದು ಹೇಳಿ, ಎರಡು ಹೆಜ್ಜೆ ಮುಂದೆ ಹೋದಮೇಲೆ ತಾನು ಮಾತಾಡಿಸಿದ್ದು ಯಾರನ್ನೆಂದು ತಿಳಿದು ಇನ್ನಷ್ಟು ಸಿಟ್ಟಾದ.

ಲೈಬ್ರರಿಯ ಓದುಕೋಣೆಯಲ್ಲಿ ಉದ್ದ ಮೇಜಿನ ಮೇಲೆ ಹನ್ನೆರಡು ಪುಸ್ತಕ ಸಾಲಾಗಿದ್ದವು. ಎಲ್ಲಕ್ಕೂ ಒಂದೇ ಬಣ್ಣದ ಹೊದಿಕೆ, ಬೆನ್ನಿನ ಮೇಲೆ ಸಣ್ಣ ನಂಬರು. ಅವನದು ಆರನೆಯದು. ಒಂದೊಂದನ್ನೇ ಎತ್ತಿ ಮೂಗಿನ ಹತ್ತಿರ ಹಿಡಿದು ನೋಡತೊಡಗಿದ.

"ಪುಸ್ತಕ ಓದೋದಕ್ಕೆ ಕಣಯ್ಯ, ಮೂಸೋದಕ್ಕಲ್ಲ," ಎಂದಿತು ಕಿಟಕಿ ಕಡೆಯಿಂದ ಒಂದು ದನಿ. ರಿಟೈರಾದ ಹೆಡ್ಮಾಸ್ತರು. ಸಭೆ ಮೂರಕ್ಕೆಂದರೆ ಅವರು ಎರಡಕ್ಕೇ ಬಂದು, ತಡವಾಗಿ ಬರುವವರ ಮೇಲೆ ಸಿಟ್ಟು ಮಾಡಿಕೊಂಡು ಕೂರುತ್ತಿದ್ದರು.

ಆರನೇ ನಂಬರು ಸಿಕ್ಕಿತು. ಅದನ್ನು ಕಂಕುಳಲ್ಲಿ ಇರುಕಿಕೊಂಡು ಬೈಂಡಿಂಗ್ ಕೋಣೆಗೆ ನುಗ್ಗಿ, ಬೆನ್ನು ಹಿಡಿದು ತಲೆಕೆಳಗು ಮಾಡಿ ಒದರಿದ. ಒಂದು ಸತ್ತ ಸೊಳ್ಳೆ ಬಿತ್ತು. ಮತ್ತೆ ಒದರಿದ. ಮತ್ತೇನೂ ಬೀಳಲಿಲ್ಲ.

"ಚೀಟಿ ಹುಡುಕ್ತಿದ್ದೀರಾ?" ಬಾಗಿಲಲ್ಲಿ ಮೇಡಂ. "ಬೆಳಿಗ್ಗೆನೇ ಎಲ್ಲಾ ಪುಸ್ತಕದಿಂದ ತೆಗೆದಾಯ್ತು. ಈ ಸಲ ಒಂದು ಚೀಟಿ ಬಂದಿದೆ ನೋಡಿ, ಇಡೀ ಪುಸ್ತಕನೇ ಅದರಲ್ಲಿದೆ. ಯಾರದೋ ಪುಣ್ಯಾತ್ಮರದು."

ಪುಣ್ಯಾತ್ಮ ಪುಸ್ತಕವನ್ನು ಮತ್ತೆ ಕಂಕುಳಿಗೆ ಸೇರಿಸಿದ.

ತಗಡಿನ ಡಬ್ಬಿ ಮೇಜಿನ ಮೇಲಿತ್ತು. ಮೇಡಂ ಟೀ ಹೇಳಲು ಹೊರಗೆ ಹೋದಾಗ ನಿಧಾನಣ್ಣ ಡಬ್ಬಿ ಎತ್ತಿಕೊಂಡು ಬಾಗಿಲ ಕಡೆ ಹೆಜ್ಜೆ ಹಾಕಿದ. ಎದುರಿಗೆ ನರ್ಸಕ್ಕ ಬಂದರು. ಅವನ ಬೀದಿಯವರೇ, ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ದುಡಿದವರು. ಮಾತ್ರೆ ನುಂಗಿದೆ ಅಂತ ಹೇಳಿ ಹಾಸಿಗೆ ಕೆಳಗೆ ಬಚ್ಚಿಡುವವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದರಂತೆ.

"ಡಬ್ಬಿ ಎಲ್ಲಿಗೆ ಹೊರಡ್ತು?"

"ಧೂಳು ಕೂತಿತ್ತು ಅಕ್ಕ. ಒರೆಸ್ಕೊಂಡು ಬರೋಣ ಅಂತ."

ನರ್ಸಕ್ಕ ಕೈವಸ್ತ್ರ ತೆಗೆದು ಡಬ್ಬಿಯನ್ನು ಗಾಯ ತೊಳೆದ ಹಾಗೆ ಒರೆಸಿ, ಹೆಡ್ಮಾಸ್ತರ ಮೊಣಕೈ ಹತ್ತಿರ ಇಟ್ಟರು. ಹೆಡ್ಮಾಸ್ತರು ಮೊಣಕೈಯನ್ನು ಡಬ್ಬಿಯ ಮೇಲೆ ಊರಿದರು. ಮುಗಿಯಿತು.

ಮೂರು ಗಂಟೆಗೆ ಸಭೆ ಕೂಡಿತು. ನಿಧಾನಣ್ಣ ಸೇರಿ ಹನ್ನೊಂದು ಜನ. ಕೊನೆಯ ಕುರ್ಚಿಯಲ್ಲಿ ಎಂದಿನಂತೆ ವಿಶ್ವವಿದ್ಯಾಲಯದ ಬಸ್ಸಿನ ಡ್ರೈವರ್ ಕೂತಿದ್ದ. ಸಭೆ ಮುಗಿದಮೇಲೆ ಎಲ್ಲರನ್ನೂ ಮನೆ ಮುಟ್ಟಿಸುವವನು ಅವನು. ಕೂಟದವನಲ್ಲ, ಆದರೆ ಫ್ಯಾನಿನ ಕೆಳಗೆ ತೂಕಡಿಸಲು ಪ್ರತಿ ಸಭೆಗೂ ಬರುತ್ತಿದ್ದ. ಯಾರ ಪುಸ್ತಕವನ್ನಾದರೂ ಎತ್ತಿಕೊಂಡು ಬೀಸಿಕೊಳ್ಳುತ್ತಿದ್ದ. ಅವತ್ತು ಫ್ಯಾನು ಕೆಟ್ಟಿತ್ತೆಂದೋ ಏನೋ, ಎಚ್ಚರವಾಗಿದ್ದ.

ಮೇಡಂ ಚೀಟಿ ಬಿಡಿಸಿದರು.

"ಕಣ್ಣಿನ ಆಸ್ಪತ್ರೆಯ ಚೀಟಿ. ಹೆಸರು, ಕೆಲಸ ಮಡಚಿದ್ದೀನಿ. ವಯಸ್ಸು ಐವತ್ತೆರಡು. ಎಡಗಣ್ಣಿಗೆ ಪೊರೆ ಬಲಿತಿದೆ. ಆಪರೇಷನ್ ಆಗುವ ತನಕ ವಾಹನ ಓಡಿಸಕೂಡದು."

ನಿಧಾನಣ್ಣನ ಸಿಟ್ಟು ನೆತ್ತಿಗೇರಿತು. ಪೊರೆ ಇದ್ದದ್ದು ಬಲಗಣ್ಣಿಗೆ. ವಯಸ್ಸು ಐವತ್ತೇಳು. ಒಂದು ದಿನ ಕಾಯಿಸಿ, ಕಣ್ಣಿಗೆ ಅದೇನೋ ಹನಿ ಬಿಟ್ಟು, ಕಡೆಗೆ ಎಡ ಯಾವುದು ಬಲ ಯಾವುದು ಎಂದು ಗೊತ್ತಿಲ್ಲದ ಜನ ಬರೆದುಕೊಟ್ಟ ಚೀಟಿ ಇದು. ಇವರ ಕೈಗೆ ಕಣ್ಣು ಕೊಟ್ಟರೆ ಆಪರೇಷನ್ನು ಕಿವಿಗೆ ಮಾಡಿಯಾರು. ಬರೆದದ್ದೂ ತಪ್ಪು, ಅದನ್ನು ಊರಿನವರ ಮುಂದೆ ಓದುವುದು ಬೇರೆ.

"ಪ್ರಶ್ನೆ ಸ್ಪಷ್ಟವಾಗಿದೆ," ಎಂದರು ಮೇಡಂ. "ಈತ ದಿನಾ ಗಾಡಿ ಓಡಿಸುವವನು ಅಂತ ಇಟ್ಕೊಳ್ಳಿ. ವಿಷಯ ಗೊತ್ತಿದ್ದವರು ಕೆಲಸದ ಜಾಗಕ್ಕೆ ಹೇಳಬೇಕೋ, ಗುಟ್ಟಾಗಿ ಇಡಬೇಕೋ?"

"ಇದರಲ್ಲಿ ಕೇಳೋದೇನಿದೆ, ಹೇಳಬೇಕು," ಎಂದರು ಹೆಡ್ಮಾಸ್ತರು. "ಇವತ್ತೇ ಹೇಳಬೇಕು. ಅವನ ಫೋಟೋ ಹಾಕಿ ಗೋಡೆಗೆ ಅಂಟಿಸಬೇಕು. ಎಲ್ಲರೂ ಮನೇಲಿರೋ ನನ್ನ ಸ್ಕೂಟರ್ ನೆನೆಸ್ಕೊಂಡು ನನ್ನ ಕಡೆ ನೋಡೋದು ಬೇಡ, ನನ್ನ ಕಣ್ಣು ಚೆನ್ನಾಗಿದೆ."

"ನಾನು ಹೇಳಲ್ಲಪ್ಪ," ಎಂದರು ಟೈಲರಮ್ಮ. ಲೈಬ್ರರಿ ಎದುರಿಗೆ ಹೊಲಿಗೆ ಅಂಗಡಿ ಇಟ್ಟವರು. "ಊರಿನ ಹೆಂಗಸರ ಅಳತೆಯೆಲ್ಲಾ ನನ್ನ ಹತ್ತಿರ ಇದೆ. ನಾನು ಹೇಳ್ಕೊಂಡು ತಿರುಗಿದ್ರೆ ನಾಳೆ ಯಾರು ಬರ್ತಾರೆ?"

"ಅಳತೆ ಮುಚ್ಚಿಟ್ರೆ ಗಾಡಿ ಯಾರಿಗೂ ಗುದ್ದಲ್ಲಮ್ಮ."

"ಹೇಳಿ ನೋಡಿ ಮಾಸ್ತರೇ. ಗುದ್ದುತ್ತೋ ಇಲ್ವೋ ಆಗ ಗೊತ್ತಾಗುತ್ತೆ."

ಎಲ್ಲರೂ ನಕ್ಕರು. ನರ್ಸಕ್ಕ ನಗಲಿಲ್ಲ. "ಇದರಲ್ಲಿ ತಪ್ಪು ರೋಗಿದು. ಪೊರೆ ತೆಗೆಯೋದು ಏನು ಮಹಾ, ಅರ್ಧ ಗಂಟೆ ಕೆಲಸ. ಗಂಡಸರೇ ಇರಬೇಕು. ಹೆದರ್ಕೊಂಡು ಕೂತಿರ್ತಾನೆ. ಕೈಕಾಲು ಕಟ್ಟಿ ಎತ್ಕೊಂಡು ಹೋಗಬೇಕು."

"ಅವನ ಹೆಂಡತೀನ ಕರೆಸಿ," ಎಂದರು ಇನ್ನೊಬ್ಬರು. "ಅಂಥವನಿಗೆ ಗಾಡಿ ಕೊಟ್ಟವರನ್ನ ಮೊದಲು ಹಿಡೀಬೇಕು," ಎಂದರು ಮತ್ತೊಬ್ಬರು. ಒಬ್ಬರು ಕಣ್ಣನ್ನು ಆಪರೇಷನ್ನಿಗೆ ಕಳಿಸಿದರು, ಒಬ್ಬರು ಮನುಷ್ಯನನ್ನೇ ಜೈಲಿಗೆ ಕಳಿಸಿದರು. ಕಣ್ಣಿನ ಯಜಮಾನ ಮೂರನೇ ಕುರ್ಚಿಯಲ್ಲಿ ಕೂತು, ಅಳಿದವರ ಆಸ್ತಿ ಪಾಲು ಮಾಡುವುದನ್ನು ನೋಡಿದ ಹಾಗೆ ನೋಡುತ್ತಿದ್ದ. ಕೂಟ ಶುರುವಾದಾಗಿನಿಂದ ಬಾಯಿ ಬಿಡದವನು ಎದ್ದುನಿಂತ.

"ಹನ್ನೊಂದು ಜನ ಕೂತು ಅವನ ಕಣ್ಣು ಹಂಚ್ಕೊಳ್ತಿದ್ದೀರಲ್ಲ, ಅವನನ್ನ ಒಂದು ಮಾತು ಕೇಳಿದ್ರಾ?"

ಎಲ್ಲರ ಕುರ್ಚಿಗಳೂ ಅವನ ಕಡೆ ತಿರುಗಿದವು.

"ಕಣ್ಣು ಅವನದು. ಚೀಟಿ ಅವನದು. ಈ ಪುಸ್ತಕದಲ್ಲಿ ಹಾಗಂತ ಬರೆದಿಲ್ವಾ ಮೇಡಂ?"

"ಬರೆದಿದೆ," ಎಂದರು ಮೇಡಂ, ಅವನು ಓದಿದ್ದಾನೆಂದು ಸಂತೋಷಪಟ್ಟು.

"ಬರೆದಿದೆ ತಾನೇ. ಅವನೇನು ನಿನ್ನೆ ಮೊನ್ನೆ ಸ್ಟೀರಿಂಗ್ ಹಿಡಿದವನಾ? ಮೂವತ್ತು ವರ್ಷ ಒಂದು ಗೆರೆ ಬೀಳದ ಹಾಗೆ ಓಡಿಸಿರೋನು."

"ಅದು ನಿನಗೆ ಹೇಗಯ್ಯ ಗೊತ್ತು?" ಎಂದರು ಹೆಡ್ಮಾಸ್ತರು.

"ಇರಬಹುದು ಅಂದೆ. ಒಂದು ಕಣ್ಣು ಮಸುಕಾದ್ರೆ ಇನ್ನೊಂದು ಇಲ್ವಾ? ಟೈಲರಮ್ಮ, ಸೂಜಿಗೆ ದಾರ ಪೋಣಿಸುವಾಗ ಏನು ಮಾಡ್ತೀರಿ? ಒಂದು ಕಣ್ಣು ಮುಚ್ಕೊಳ್ತೀರಿ. ಎರಡು ಕಣ್ಣಿನಲ್ಲಿ ಆಗದೇ ಇರೋದು ಒಂದರಲ್ಲಿ ಆಗುತ್ತೆ. ಕೈಗೆ ದಾರಿ ಗೊತ್ತಿದ್ರೆ ಕಣ್ಣು ನೆಪಕ್ಕೆ. ಮರ್ಯಾದಸ್ಥನ ಕೈಯಿಂದ ಕೀಲಿ ಕಿತ್ಕೊಂಡು ತಗಡಿನ ಟೋಕನ್ ಕೊಡ್ತೀರಾ?"

"ಟೋಕನ್ ಯಾವುದು?" ಎಂದರು ನರ್ಸಕ್ಕ.

"ಮಾತಿಗೆ ಹೇಳಿದೆ," ಎಂದು ನಿಧಾನಣ್ಣ ಕೂತ.

ಕೈ ಎತ್ತಿಸಿದರು. ಹೇಳಬೇಕು ಎನ್ನುವವರು ಐದು. ಗುಟ್ಟಾಗಿಡಬೇಕು ಎನ್ನುವವರು ಆರು, ನಿಧಾನಣ್ಣನ ಕೈ ಸೇರಿ. ಮೇಡಂ ಚೀಟಿಯನ್ನು ಡಬ್ಬಿಗೆ ಹಾಕಿ ಹೊರಗಿನ ಬೆಂಚಿನ ಮೇಲಿಟ್ಟು, ಹಾಕಿದವರು ಯಾರೂ ನೋಡದಾಗ ತಗೊಳ್ಳಬಹುದು ಎಂದರು. ಟೀ ಕುಡಿಯುವ ಗದ್ದಲದಲ್ಲಿ ನಿಧಾನಣ್ಣ ಮೆಲ್ಲಗೆ ಜಾರಿ ಬೆಂಚಿನ ಹತ್ತಿರ ಹೋಗಿ ಡಬ್ಬಿಯೊಳಗೆ ಕೈ ಹಾಕಿದ.

ಡಬ್ಬಿ ಖಾಲಿ.

ಯಾರೋ ಅವನ ಚೀಟಿಯನ್ನು ಹೊಡೆದಿದ್ದರು. ಗುಟ್ಟು ಕಾಯಬೇಕೆಂದು ಎತ್ತಿದ ಕೈಗಳಲ್ಲೇ ಒಂದು ಇರಬೇಕು. ನೀತಿಯ ಪುಸ್ತಕ ಓದಿದವರ ಯೋಗ್ಯತೆ ಇದು ಎಂದು ಹಲ್ಲು ಕಡಿಯುತ್ತ, ಆರನೇ ನಂಬರನ್ನು ಮೇಜಿನ ಮೇಲಿಡುವುದನ್ನೂ ಮರೆತು, ಅದನ್ನು ಕಂಕುಳಲ್ಲೇ ಇಟ್ಟುಕೊಂಡು ಬಸ್ಸು ಹತ್ತಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತ. ಹಿಂದೆ ಉಳಿದ ಹತ್ತು ಜನ ಹತ್ತಿದರು. ಬಸ್ಸು ಹೊರಟಿತು. ಹೊರಗೆ ಹೊತ್ತು ಮುಳುಗುತ್ತಿತ್ತು, ಎದುರಿನ ಗಾಡಿಗಳು ದೀಪ ಹಾಕಿಕೊಂಡಿದ್ದವು.

"ಅಣ್ಣ," ಎಂದ ಡ್ರೈವರ್, ತಗ್ಗಿದ ದನಿಯಲ್ಲಿ. "ಚೀಟಿ ನಾನು ತಗೊಂಡೆ."

ನಿಧಾನಣ್ಣ ಕೈ ಚಾಚಿದ. "ಕೊಡು ಇಲ್ಲಿ."

"ನಿಮಗ್ಯಾಕಣ್ಣ ಕೊಡಲಿ? ಅದು ನಂದು."

"ಏನು ನಿಂದು?"

"ಚೀಟಿ. ಎಡಗಣ್ಣು ನಂದೇ." ಅವನು ಜೇಬಿನಿಂದ ತೆಗೆದು ಕೊಟ್ಟ. ನಿಧಾನಣ್ಣ ಮೂಗಿಗೆ ಹಿಡಿದು ನೋಡಿದ. ಬಸ್ಸಿನವನದೇ ಹೆಸರು. ವಯಸ್ಸು ಐವತ್ತೆರಡು. "ಎರಡು ವಾರದಿಂದ ನಿದ್ದೆ ಇಲ್ಲ ಅಣ್ಣ. ಹೇಳೋಣವಾ ಬೇಡವಾ ಅಂತ. ಕಡೆಗೆ ಮೇಜಿನ ಮೇಲಿದ್ದ ಒಂದು ಪುಸ್ತಕಕ್ಕೆ ತೂರಿಸಿದೆ. ಓದಿದವರು ಕೂತು ಹೇಳು ಅಂದ್ರೆ ನಾಳೆನೇ ಕೀಲಿ ಕೊಟ್ಟುಬಿಡ್ತಿದ್ದೆ. ನೀವು ಎದ್ದುನಿಂತು ಆ ಸೂಜಿ ದಾರದ ಮಾತು ಹೇಳಿದ್ರಲ್ಲ, ನನಗೆ ಕಣ್ಣೇ ವಾಪಸು ಬಂದ ಹಾಗಾಯ್ತು. ಇನ್ನು ಆರು ವರ್ಷ ಧೈರ್ಯವಾಗಿ ಓಡಿಸ್ತೀನಿ."

ನಿಧಾನಣ್ಣ ಹಿಂತಿರುಗಿ ನೋಡಿದ. ನರ್ಸಕ್ಕ ಕಣ್ಣು ಮುಚ್ಚಿ ಒರಗಿದ್ದರು. ಹೆಡ್ಮಾಸ್ತರು ಯಾರಿಗೋ ಬುದ್ಧಿ ಹೇಳುತ್ತಿದ್ದರು. ಹತ್ತು ತಲೆ. ತನ್ನದೂ ಸೇರಿ ಹನ್ನೊಂದು.

"ನೋಡಪ್ಪ," ಎಂದ, "ನಾನು ಹೇಳಿದ್ದು ಪುಸ್ತಕದ ಮಾತು. ಬಸ್ಸಿನ ಮಾತಲ್ಲ."

"ನಿಮ್ಮದು ದೊಡ್ಡ ಮನಸ್ಸು. ಸ್ವಲ್ಪ ಮುಂದೆ ನೋಡಿ ಹೇಳ್ತೀರಾ? ದೀಪದ ಬೆಳಕಿಗೆ ನನಗೆ ಮಂಜು ಕವಿದ ಹಾಗಾಗುತ್ತೆ. ಅಲ್ಲಿ ನಿಂತಿರೋದು ಕಂಬಾನಾ, ಮನುಷ್ಯನಾ?"

ನಿಧಾನಣ್ಣ ಕಣ್ಣು ಕಿರಿದು ಮಾಡಿದ. ಅವನ ಮಂಜು ಇನ್ನೊಂದು ಕಡೆಯಿಂದ ಕವಿಯಿತು.

"ಕಂಬ," ಎಂದ.

ಕಂಬ ಛತ್ರಿ ಮಡಚಿಕೊಂಡು ರಸ್ತೆ ದಾಟಿತು.

ಬ್ರೇಕು ಬಿತ್ತು. ಹೆಡ್ಮಾಸ್ತರು ಟೈಲರಮ್ಮನ ಚೀಲದ ಮೇಲೆ ಬಿದ್ದರು, ನೀರಿನ ಬಾಟಲಿಗಳು ಉರುಳಿದವು. ಕಂಬ ಬಸ್ಸಿಗೆ ಮೂರು ಮಾತು ಬೈದು ಹೋಯಿತು. ಯಾರಿಗೂ ಏನೂ ಆಗಿರಲಿಲ್ಲ. ಡ್ರೈವರ್ ಎಂಜಿನ್ ಆರಿಸಿದ.

"ನನ್ನ ಕೈಲಿ ಆಗಲ್ಲ ಅಣ್ಣ. ನೀವೇ ಓಡಿಸಿ," ಎಂದು ಕೀಲಿ ತೆಗೆದು ನಿಧಾನಣ್ಣನ ಅಂಗೈಯಲ್ಲಿಟ್ಟ.

"ಸರಿಯಾದ ಮಾತು," ಎಂದರು ಹೆಡ್ಮಾಸ್ತರು ಮೇಲೇಳುತ್ತ. "ಮೂವತ್ತು ವರ್ಷ ಗೆರೆ ಬೀಳದ ಹಾಗೆ ಓಡಿಸಿರೋ ಮನುಷ್ಯ. ಏಳಯ್ಯ, ಹೊತ್ತಾಯ್ತು."

ಕೀಲಿ ಬೆಚ್ಚಗಿತ್ತು. ತೊಟ್ಟಿಲು ತೂಗಿದ ಹಾಗೆ ಓಡಿಸಿದರೆ ಆದೀತು ಎಂದು ಒಂದು ಮನಸ್ಸು ಹೇಳಿತು. ಎರಡೇ ಮೈಲಿ. ನಿಧಾನಣ್ಣ ಮುಂದಿನ ಗಾಜಿನ ಆಚೆ ನೋಡಿದ. ಅಲ್ಲೇನೋ ಒಂದು ನಿಂತಿತ್ತು. ಅದು ಏನೆಂದು ತಿಳಿಯಲಿಲ್ಲ. ಕೀಲಿಯನ್ನು ಸೀಟಿನ ಮೇಲಿಟ್ಟ.

"ನಾನು ಓಡಿಸಲ್ಲ."

"ಯಾಕೆ?"

"ಯಾಕೆ ಅಂತ ಕೇಳೋ ಹಾಗಿಲ್ಲ. ಈಗ ತಾನೇ ಕೈ ಎತ್ತಿದ್ದೀರಿ."

"ಇದೇನು, ಪುಸ್ತಕದಲ್ಲಿ ಕಾಗದ ಇದೆಯಲ್ಲ?" ಎಂದರು ಟೈಲರಮ್ಮ.

ಬ್ರೇಕಿನ ಹೊಡೆತಕ್ಕೆ ಆರನೇ ನಂಬರು ಕಂಕುಳಿನಿಂದ ಜಾರಿ, ಅದರ ಕಂದು ಹೊದಿಕೆ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿತ್ತು. ಹೊದಿಕೆಯ ಮಡಿಕೆಯೊಳಗಿಂದ ನಾಲ್ಕಾಗಿ ಮಡಚಿದ ಕಾಗದ ಇಣುಕುತ್ತಿತ್ತು. ನಿಧಾನಣ್ಣ ಬಗ್ಗುವಷ್ಟರಲ್ಲಿ ನರ್ಸಕ್ಕನ ಕೈಗೆ ಹೋಯಿತು.

"ಕೊಡಿ ಅಕ್ಕ, ಅದು..."

"ಪುಸ್ತಕದಲ್ಲಿ ಸಿಕ್ಕಿದ್ದು ಪ್ರಶ್ನೆ. ಕಟ್ಟಳೆ ಅಂದ್ರೆ ಕಟ್ಟಳೆ," ಎಂದು ನರ್ಸಕ್ಕ ಕನ್ನಡಕ ಏರಿಸಿ, ಮುಖ ಆಚೆ ತಿರುಗಿಸಿಕೊಂಡು ಹೆಸರಿನ ತುದಿಯನ್ನು ಅಚ್ಚುಕಟ್ಟಾಗಿ ಮಡಚಿ, ಬಸ್ಸಿಗೆಲ್ಲ ಕೇಳುವಂತೆ ಓದಿದರು. "ವಯಸ್ಸು ಐವತ್ತೇಳು. ಬಲಗಣ್ಣಿಗೆ ಪೊರೆ ಬಲಿತಿದೆ. ವಾಹನ ಓಡಿಸಕೂಡದು. ಯಾರದು ಅಂತ ಯಾರೂ ಕೇಳಬಾರದು."

ಯಾರೂ ಕೇಳಲಿಲ್ಲ. ಹತ್ತು ಜನವೂ ನಿಧಾನಣ್ಣನ ಕಡೆ ತಿರುಗಿ ಸುಮ್ಮನೆ ನೋಡಿದರು.

"ಎಡಗಣ್ಣಿನದು ನಂದು," ಎಂದ ಡ್ರೈವರ್, ಜೊತೆಗಾರ ಸಿಕ್ಕ ಸಮಾಧಾನದಿಂದ.

ಟೈಲರಮ್ಮ ಇಬ್ಬರನ್ನೂ ಅಳತೆ ತೆಗೆಯುವವರ ಹಾಗೆ ಮೇಲಿಂದ ಕೆಳಗೆ ನೋಡಿದರು. "ಒಬ್ಬರಿಗೆ ಎಡ, ಒಬ್ಬರಿಗೆ ಬಲ. ಸೇರಿಸಿ ಹೊಲಿದ್ರೆ ಒಬ್ಬ ಡ್ರೈವರ್ ಆಗ್ತಾನೆ."

ಹೆಡ್ಮಾಸ್ತರು ಅಲ್ಲೇ ಮತ್ತೊಮ್ಮೆ ಕೈ ಎತ್ತಿಸಿದರು. ಸೋಮವಾರ ಬೆಳಿಗ್ಗೆ ಇಬ್ಬರ ವಿಷಯವನ್ನೂ ಹೇಳಬೇಕು ಎನ್ನುವವರು ಹತ್ತು. ಬೇಡ ಎನ್ನುವವನು ಒಬ್ಬ. ಬಸ್ಸನ್ನು ದಾರಿ ಬದಿಗೆ ತಳ್ಳಿ ಎಲ್ಲರೂ ನಡೆದರು. ಎರಡು ಮೈಲಿ ಉದ್ದಕ್ಕೂ ನಿಧಾನಣ್ಣನ ಕಣ್ಣಿನ ಚರ್ಚೆ ನಡೆಯಿತು. ನರ್ಸಕ್ಕ ಅವನ ತೋಳು ಹಿಡಿದು, ಗುಂಡಿ ಬಂದಾಗಲೆಲ್ಲ "ಗುಂಡಿ" ಎನ್ನುತ್ತಿದ್ದರು. ಅವನಿಗೆ ಕಾಣುತ್ತಿದ್ದ ಗುಂಡಿಗಳಿಗೂ ಹೇಳುತ್ತಿದ್ದರು.

ಮನೆ ಬಾಗಿಲಲ್ಲಿ ಹೆಂಡತಿ ಕಾಯುತ್ತಿದ್ದಳು. ಅವನ ಮುಖ ನೋಡಿ, "ಏನು ತೀರ್ಮಾನ ಆಯ್ತು?" ಎಂದಳು.

"ಯಾವುದರದ್ದು?"

"ಚೀಟಿದು. ಮೊನ್ನೆ ದಿಂಬು ಬಿಸಿಲಿಗೆ ಹಾಕುವಾಗ ಪುಸ್ತಕದಿಂದ ಬಿತ್ತು. ನಾನು ಹೇಳಿದ್ರೆ ನೀವೆಲ್ಲಿ ಕೇಳ್ತೀರಿ. ಓದಿದವರು ಹತ್ತು ಜನ ಹೇಳಲಿ ಅಂತ ವಾಪಸು ಕಳಿಸಿದೆ. ದಾರೀಲಿ ಬೀಳದಿರಲಿ ಅಂತ ಹೊದಿಕೆಯೊಳಗೆ ಭದ್ರವಾಗಿ ಸೇರಿಸಿದ್ದೆ. ನರ್ಸಕ್ಕನಿಗೆ ಒಂದು ಮಾತೂ ಹೇಳಿಲ್ಲ, ಇನ್ನೊಬ್ಬರ ಗುಟ್ಟು ಹೇಳಬಾರದಲ್ವಾ."

ನಿಧಾನಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಆಸ್ಪತ್ರೆಗೂ ಹೋಗಿಬಂದೆ," ಎಂದಳು ಅವಳು. "ಬುಧವಾರ ಎಂಟು ಗಂಟೆಗೆ ಆಪರೇಷನ್. ಬರೀ ಹೊಟ್ಟೇಲಿ ಹೋಗಬೇಕಂತೆ."

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ಏನು ಹೇಳ್ತಿದ್ರಿ?"

ನಿಧಾನಣ್ಣ ಚಪ್ಪಲಿ ಬಿಟ್ಟ. ಒಳಗೆ ಹೋಗುತ್ತ, ಗೋಡೆಗೆ ನೇತುಹಾಕಿದ್ದ ತನ್ನದೇ ಅಂಗಿಗೆ "ಸ್ವಲ್ಪ ದಾರಿ ಬಿಡಿ" ಎಂದ.